ಹಲ್ಲಿಯೂ ಅಲ್ಲ, ಮೀನೂ ಅಲ್ಲ

ಸಾಗರದಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗ, ಸೊಸೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಮೊಮ್ಮಗ ಐದನೇ ತರಗತಿ. ಪಕ್ಕದ ಮನೆಯವರು ಊರು ಬಿಟ್ಟು ಹೋಗುವಾಗ ತಮ್ಮ ಗಾಜಿನ ತೊಟ್ಟಿಯನ್ನು ಒಳಗಿದ್ದ ಪ್ರಾಣಿಯ ಸಮೇತ ಈ ಹುಡುಗನ ಕೈಗೆ ಕೊಟ್ಟು ಹೋದರಂತೆ. ಹೆಸರು ಕೇಳಿದರೆ "ಅದೊಂದು ನೀರುಹಲ್ಲಿ, ಬಹಳ ವರ್ಷದಿಂದ ಇದೆ" ಅಂದರಂತೆ, ಅಷ್ಟೆ. ವಿಡಿಯೋ ಕರೆಯಲ್ಲಿ ಅಜ್ಜಿಗೆ ದಿನವೂ ಅದರ ದರ್ಶನ.

"ಹಾವುರಾಣಿಯ ಹಾಗಿದೆ, ಆದರೆ ಹೊಳಪಿಲ್ಲ. ಬೆನ್ನು ಕಪ್ಪು, ಹೊಟ್ಟೆ ಮಾತ್ರ ಕುಂಕುಮ ಕದಡಿದ ಹಾಗೆ ಕೆಂಪು, ಮೇಲೆ ಕರಿ ಮಚ್ಚೆ. ಹತ್ತು ದಿನದಿಂದ ಏನೂ ತಿಂದಿಲ್ಲ. ನೀರಿನಿಂದ ಎದ್ದು ಗಾಜಿಗೆ ಅಂಟಿಕೊಂಡು ಕೂತಿರುತ್ತದೆ. ಹುಳು ಹಾಕಬೇಕಂತೆ, ಸೊಸೆ ಫ್ರಿಜ್ಜಿನಲ್ಲಿ ಹುಳು ಇಡಲು ಬಿಡುವುದಿಲ್ಲ. ಅನ್ನದ ಅಗುಳು ಹಾಕಬಹುದೇ? ಜೂನ್ ಕೊನೆಗೆ ಅವರೆಲ್ಲ ಆರು ವಾರ ಊರಿಗೆ ಬರುತ್ತಾರೆ. ಮನೆಯ ಹಿಂದೆ ಹಳ್ಳವಿದೆ, ಅಲ್ಲಿ ಬಿಟ್ಟುಬಿಡೋಣ ಅಂತ ಮಗ. ಬೇಡ ಅಂತ ಮೊಮ್ಮಗ ಅಳುತ್ತಾನೆ. ಬಂಧನದಲ್ಲಿರುವ ಜೀವವನ್ನು ಬಿಟ್ಟರೆ ಪುಣ್ಯವೇ ಅಲ್ಲವೇ?"

ಇಷ್ಟು ಪ್ರಶ್ನೆ ಇರುವಾಗ ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯುವಂತಿರಲಿಲ್ಲ. ಊಟ ಬಿಟ್ಟ ಪ್ರಾಣಿ ನಮ್ಮ ವಾರದ ಸಂಚಿಕೆಗೆ ಕಾಯುವುದಿಲ್ಲ. ಅಜ್ಜಿಗೆ ಫೋನ್ ಮಾಡಿ, ಮೊಮ್ಮಗನಿಂದ ಕೆಲವು ವಿಷಯ ನೋಡಿಸಿ ತಿಳಿಸಲು ಹೇಳಿದೆ. ಮುಂಗಾಲಿನಲ್ಲಿ ಎಷ್ಟು ಬೆರಳು, ಹಿಂಗಾಲಿನಲ್ಲಿ ಎಷ್ಟು? ಬೆರಳ ತುದಿಯಲ್ಲಿ ಉಗುರಿದೆಯೇ? ಕಣ್ಣಿನ ಹಿಂದೆ ಕಿವಿಯ ತೂತು ಕಾಣುತ್ತದೆಯೇ? ಬಾಲ ದುಂಡಗೋ ಚಪ್ಪಟೆಯೋ? ಮೂಗಿನಿಂದ ಬಾಲದ ತುದಿಗೆ ಎಷ್ಟು ಉದ್ದ? ಮರುದಿನವೇ ಉತ್ತರ ಬಂತು. ಹುಡುಗ ಗಾಜಿನ ಹೊರಗೆ ಅಳತೆಪಟ್ಟಿ ಹಿಡಿದು ನೋಡಿದ್ದಾನೆ, ಪ್ರಾಣಿಯನ್ನು ಮುಟ್ಟಿಲ್ಲ. ಜಾಣ! ಮುಂದೆ ನಾಲ್ಕು ಬೆರಳು, ಹಿಂದೆ ಐದು. ಉಗುರಿಲ್ಲ. ಕಿವಿಯ ತೂತಿಲ್ಲ. ಬಾಲ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಉದ್ದ 8 ಸೆಂಟಿಮೀಟರಿಗಿಂತ ಚೂರು ಹೆಚ್ಚು. ಚರ್ಮ ನುಣುಪು.

ಮಕ್ಕಳೇ, ನಿಮ್ಮ ಮನೆಯ ಗೋಡೆಯ ಮೇಲಿನ ಹಲ್ಲಿಯನ್ನು ಇವತ್ತು ರಾತ್ರಿ ಸರಿಯಾಗಿ ನೋಡಿ. ಅದಕ್ಕೆ ಮುಂಗಾಲಿನಲ್ಲೂ ಐದು ಬೆರಳು. ಕಣ್ಣಿನ ಹಿಂದೆ ಸಣ್ಣ ಕಿವಿತೂತು. ಮೈಮೇಲೆ ನವಿರಾದ ಹುರುಪೆ. ಹಲ್ಲಿ, ಹಾವುರಾಣಿ, ಓತಿಕ್ಯಾತ, ಉಡ ಎಲ್ಲವೂ ಸರೀಸೃಪಗಳು. ಅವುಗಳ ಚರ್ಮ ಒಣಚರ್ಮ. ಈಗ ಹಿತ್ತಲಿನ ಕಪ್ಪೆಯನ್ನು ನೆನೆಸಿಕೊಳ್ಳಿ. ಮುಂಗಾಲಿಗೆ ನಾಲ್ಕೇ ಬೆರಳು, ಹುರುಪೆ ಇಲ್ಲ, ಮೈ ಸದಾ ತೇವ. ಪೆನ್ಸಿಲ್ವೇನಿಯಾದ ಪ್ರಾಣಿ ಯಾರ ಕಡೆಯ ನೆಂಟ ಎಂದು ಈಗ ಗೊತ್ತಾಯಿತಲ್ಲ? ಅದು ಹಲ್ಲಿಯ ವೇಷ ಹಾಕಿದ ಕಪ್ಪೆಯ ದಾಯಾದಿ. ಹೆಸರು ನ್ಯೂಟ್.

ಕನ್ನಡದಲ್ಲಿ ಇದಕ್ಕೆ ಹೆಸರೇಕಿಲ್ಲ ಎಂದು ಕೇಳಬಹುದು. ನಮ್ಮಲ್ಲಿ ಇಲ್ಲದ ಪ್ರಾಣಿಗೆ ನಮ್ಮ ಹಿರಿಯರು ಹೆಸರಿಡುವುದು ಹೇಗೆ? ಉಭಯವಾಸಿಗಳಲ್ಲಿ ಮೂರು ಪಂಗಡ: ಕಪ್ಪೆಗಳು, ಬಾಲವುಳ್ಳ ನ್ಯೂಟ್ ಮತ್ತು ಸಾಲಮಾಂಡರ್‌ಗಳು, ಕಾಲೇ ಇಲ್ಲದೆ ಎರೆಹುಳುವಿನಂತೆ ಮಣ್ಣಿನಲ್ಲಿರುವ ಸಿಸಿಲಿಯನ್‌ಗಳು. ಪಶ್ಚಿಮ ಘಟ್ಟದಲ್ಲಿ ಮೊದಲನೆಯದೂ ಮೂರನೆಯದೂ ಧಾರಾಳ. ಎರಡನೆಯದು ಒಂದೂ ಇಲ್ಲ. ಭಾರತದಲ್ಲಿ ನ್ಯೂಟ್ ನೋಡಬೇಕಾದರೆ ಪೂರ್ವ ಹಿಮಾಲಯಕ್ಕೂ ಈಶಾನ್ಯದ ಬೆಟ್ಟಗಳಿಗೂ ಹೋಗಬೇಕು. ಡಾರ್ಜಿಲಿಂಗ್ ಬಳಿಯ ಜೋರೆಪೋಖ್ರಿಯಲ್ಲಿ ಅದಕ್ಕೆಂದೇ ಒಂದು ಅಭಯಾರಣ್ಯವಿದೆ. ಅಲ್ಲಿಯ ನ್ಯೂಟ್ ಬೇರೆಯದೇ ಜಾತಿ ಎಂದು ವಿಜ್ಞಾನಿಗಳು ಗುರುತಿಸಿ ಹಿಮಾಲಯದ ಹೆಸರಿಟ್ಟದ್ದು 2015ರಲ್ಲಿ. ಅದು ಕಾನೂನಿನ ರಕ್ಷಣೆಯಲ್ಲಿದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಅಜ್ಜಿಯ ಮೊಮ್ಮಗನ ಮನೆಯಲ್ಲಿರುವುದು ಯಾವ ನ್ಯೂಟ್? ಕೆಂಪು ಹೊಟ್ಟೆ, ಕರಿ ಮಚ್ಚೆ ಎಂದ ಕೂಡಲೇ ಸಾಕುವವರಲ್ಲಿ ಹೆಚ್ಚಾಗಿ ಕಾಣುವ ಎರಡು ಜಾತಿ ನೆನಪಾಗುತ್ತವೆ. ಒಂದು ಚೀನಾದ್ದು, ಇನ್ನೊಂದು ಜಪಾನಿನದು. ಇಂಗ್ಲಿಷಿನಲ್ಲಿ ಎರಡಕ್ಕೂ ಫೈರ್ ಬೆಲ್ಲೀಡ್ ನ್ಯೂಟ್ ಎನ್ನುತ್ತಾರೆ. ಬೆಂಕಿಹೊಟ್ಟೆ ಎಂದು ನಾವೂ ಕರೆಯಬಹುದು. ಜಪಾನಿನದು ದೊಡ್ಡದು, 12 ಸೆಂಟಿಮೀಟರಿನ ಆಸುಪಾಸಿಗೂ ಬೆಳೆಯುತ್ತದೆ. ಚರ್ಮ ತರಿತರಿ, ಕಣ್ಣಿನ ಹಿಂದೆ ತಲೆಯ ಎರಡೂ ಬದಿಗೆ ಗ್ರಂಥಿ ಉಬ್ಬಿ ಕಾಣುತ್ತದೆ. ಚೀನಾದ್ದು ಸಣ್ಣದು, ನುಣುಪು. ಹುಡುಗನ ಅಳತೆ ಚೀನಾದ ಕಡೆಗೇ ಬೆರಳು ತೋರಿಸುತ್ತದೆ.

ಆದರೂ ಇನ್ನೊಂದು ಸಂಶಯ ಕಳೆದುಕೊಳ್ಳಬೇಕಿತ್ತು. ಪೆನ್ಸಿಲ್ವೇನಿಯಾದ ಕೆರೆಗಳಲ್ಲೇ ಒಂದು ನ್ಯೂಟ್ ಇದೆ. ಅದರ ಬೆನ್ನು ಪಾಚಿಹಸಿರು, ಬೆನ್ನಿನ ಮೇಲೆ ಕಪ್ಪು ಅಂಚಿನ ಕೆಂಪು ಚುಕ್ಕೆ, ಹೊಟ್ಟೆ ಹಳದಿ. ಬಾಲ್ಯ ಮುಗಿದ ಮೇಲೆ ಅದು ಕಿತ್ತಳೆ ಬಣ್ಣ ತಾಳಿ ಎರಡು ಮೂರು ವರ್ಷ ಕಾಡಿನ ತರಗೆಲೆಯಲ್ಲಿ ಓಡಾಡಿ, ಆಮೇಲೆ ನೀರಿಗೆ ಹಿಂದಿರುಗುತ್ತದೆ. ಯಾರೋ ಹಳ್ಳದಿಂದ ಹಿಡಿದು ತಂದ ಪ್ರಾಣಿಯೋ ಎಂದು ಅನುಮಾನವಿತ್ತು. ಕೆಂಪು ಹೊಟ್ಟೆ ಆ ಅನುಮಾನ ತೀರಿಸಿತು. ಇದು ಆ ಹಳ್ಳದ್ದಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಾಯಿಲೆಯ ವಿಚಾರ. ತೊಟ್ಟಿಯಲ್ಲಿ ಬೇರೇನಿದೆ ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ಅಂಗಡಿಯವರ ಮಾತು ಕೇಳಿ ಹುಡುಗನ ಅಪ್ಪ ಹೊಸದಾಗಿ ಹೀಟರ್ ಹಾಕಿದ್ದಾರೆ. ಮಗು ಚಳಿಯಲ್ಲಿ ನಡುಗಬಾರದಲ್ಲ! ನೀರು 27 ಡಿಗ್ರಿ. ಬಣ್ಣದ ಮೀನಿಗೆ ಅದು ಹಿತ, ನ್ಯೂಟಿಗೆ ಅದು ಜ್ವರದ ಕೋಣೆ. ಬೆಂಕಿಹೊಟ್ಟೆಗೆ ಬೇಕಾದದ್ದು 15ರಿಂದ 20 ಡಿಗ್ರಿ, ಅಮೆರಿಕದ ಲೆಕ್ಕದಲ್ಲಿ 59ರಿಂದ 68 ಫ್ಯಾರನ್‌ಹೀಟ್. 24 ದಾಟಿದರೆ ಊಟ ಬಿಡುತ್ತದೆ, ನೀರು ಬಿಟ್ಟು ಏಳುತ್ತದೆ, ರೋಗ ಬೇಗ ಹತ್ತುತ್ತದೆ. ಹೆಸರಿನಲ್ಲಿ ಬೆಂಕಿ ಇದೆ, ಮೈಗೆ ಮಾತ್ರ ಬೆಂಕಿ ಆಗದು.

ಹೀಟರ್ ಆರಿಸಿ, ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿ ಎಂದೆ. ತಣ್ಣಗಾಗಲಿ ಎಂದು ಐಸ್ ಸುರಿಯಬಾರದು. ಒಮ್ಮೆಲೇ ತಣಿದರೂ ಆಘಾತವೇ. ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆ? ಹೊರಮೈಯಿಂದ ನೀರು ಆವಿಯಾಗುತ್ತ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ. ತೊಟ್ಟಿಯ ಮೇಲೆ ಬಲೆಯ ಮುಚ್ಚಳವಿಟ್ಟು ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿದರೆ ಅದೇ ಹೂಜಿಯ ಉಪಾಯ, ಎರಡು ಮೂರು ಡಿಗ್ರಿ ಇಳಿಯುತ್ತದೆ. ತೀರಾ ಸೆಖೆಯ ದಿನ ನೀರು ತುಂಬಿಸಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿಬಿಡಬಹುದು.

ನೀರಿನ ಬಗ್ಗೆ ಇನ್ನೂ ಹೇಳಬೇಕು. ಕಪ್ಪೆಯಂತೆ ನ್ಯೂಟ್ ಕೂಡ ಚರ್ಮದಿಂದ ನೀರು ಹೀರುತ್ತದೆ, ಚರ್ಮದಿಂದ ಉಸಿರೂ ಆಡುತ್ತದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯುವುದೂ ಉಂಟು. ಹಾಗಾಗಿ ನೀರಿನಲ್ಲಿರುವುದೆಲ್ಲ ಅದರ ಮೈಯೊಳಗೆ. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟು ಬಳಸುವುದು ನಮ್ಮ ಹಳೆಯ ರೂಢಿ, ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಅಮೆರಿಕದ ಹಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬೆರೆಸುತ್ತಾರೆ. ಅದು ರಾತ್ರಿ ಕಳೆದರೂ ಹೋಗದು. ಅಕ್ವೇರಿಯಂ ಅಂಗಡಿಯಲ್ಲಿ ಅದನ್ನು ಕಳೆಯುವ ದ್ರಾವಣ ಸಿಗುತ್ತದೆ, ಕೆಲವು ಹನಿ ಸಾಕು.

ಇನ್ನೊಂದು, ಫಿಲ್ಟರ್. ಹುಡುಗ ಶುದ್ಧತೆಯ ಆಸೆಯಿಂದ ಪ್ರತಿ ಭಾನುವಾರ ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತಿಕ್ಕಿ ತೊಳೆದು, ನೀರನ್ನೆಲ್ಲ ಬದಲಿಸುತ್ತಿದ್ದನಂತೆ. ಪುಟ್ಟ, ನಿನ್ನ ಅಜ್ಜಿ ಮೊಸರಿಗೆ ಹೆಪ್ಪು ಹಾಕುವುದನ್ನು ನೋಡಿದ್ದೀಯಲ್ಲ? ಹೆಪ್ಪಿನ ಚಮಚೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ನಿನ್ನ ಫಿಲ್ಟರಿನ ಸ್ಪಂಜಿನಲ್ಲೂ ಅಂಥ ಒಂದು ಹೆಪ್ಪು ಇದೆ. ನ್ಯೂಟಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ಕ್ಲೋರಿನ್ ನೀರಿನಲ್ಲಿ ಸ್ಪಂಜ್ ತೊಳೆದರೆ ಈ ಹೆಪ್ಪು ಸಾಯುತ್ತದೆ, ಕುದಿಯುವ ಹಾಲಿಗೆ ಹೆಪ್ಪು ಹಾಕಿದ ಹಾಗೆ. ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲಿಸು. ಸ್ಪಂಜ್ ತೀರಾ ಕಟ್ಟಿಕೊಂಡರೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡು. ಒಂದೆರಡು ನ್ಯೂಟಿಗೆ 40 ಲೀಟರಿನ ತೊಟ್ಟಿ ಇದ್ದರೆ ನೀರು ಬೇಗ ಕೆಡುವುದಿಲ್ಲ. ಫಿಲ್ಟರಿನ ಸೆಳೆತ ಜೋರಾಗಿರಬಾರದು, ಇದು ತೊರೆಯ ಪ್ರಾಣಿಯಲ್ಲ, ನಿಂತ ನೀರಿನದು. ತಳಕ್ಕೆ ಸಣ್ಣ ಬೆಣಚುಕಲ್ಲು ಬೇಡ, ಊಟದ ಜೊತೆ ನುಂಗಿಬಿಡುತ್ತದೆ. ನೀರಿನಿಂದ ಎದ್ದು ಕೂರಲು ಒಂದು ತೇಲುವ ತೊಗಟೆ, ಅವಿತುಕೊಳ್ಳಲು ನಾಲ್ಕು ನೀರುಗಿಡ ಇದ್ದರೆ ಸಾಕು.

ಅನ್ನದ ಅಗುಳಿಗೆ ಬರೋಣ. ಬೇಡ ಅಮ್ಮ. ಅನ್ನವೂ ಬೇಡ, ಮೀನಿಗೆ ಹಾಕುವ ಪುಡಿಯೂ ಬೇಡ. ನ್ಯೂಟ್ ಮಾಂಸಾಹಾರಿ, ಅದರಲ್ಲೂ ಅಲುಗಾಡುವುದನ್ನು ಕಂಡರೆ ಬಾಯಿ ಹಾಕುವ ಜೀವ. ಫ್ರಿಜ್ಜಿನ ಜಗಳವನ್ನು ನಿಮ್ಮ ಸೊಸೆಯ ಪರವಾಗಿಯೇ ತೀರ್ಮಾನಿಸಬಹುದು. ಹೊರಗೆ ವರಾಂಡದ ನೆರಳಿನಲ್ಲಿ ಒಂದು ಕುಂಡಕ್ಕೆ ಮಣ್ಣು, ಒಣಎಲೆ, ತರಕಾರಿ ಸಿಪ್ಪೆ ಹಾಕಿ ಎರೆಹುಳು ಸಾಕಲಿ. ಎರೆಹುಳುವಿಗಿಂತ ಒಳ್ಳೆಯ ಊಟ ನ್ಯೂಟಿಗೆ ಇಲ್ಲ. ಸೊಸೆಯ ತುಳಸಿ ಗಿಡಕ್ಕೆ ಗೊಬ್ಬರವೂ ಆಯಿತು. ಔಷಧಿ ಹೊಡೆದ ಹುಲ್ಲುಹಾಸಿನಿಂದ ಮಾತ್ರ ಹುಳು ತರಬಾರದು. ಸಣ್ಣಗೆ ಕತ್ತರಿಸಿ, ಮೊಂಡು ಇಕ್ಕಳದ ತುದಿಯಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದರೆ ಸಾಕು. ವಾರಕ್ಕೆ ಎರಡು ಮೂರು ಸಲ ಕೊಡಿ. ಉಳಿದ ಚೂರು ತೆಗೆದುಬಿಡಿ.

ಮುಟ್ಟುವುದರ ಬಗ್ಗೆ ಮಕ್ಕಳಿಗೆ ಖಡಾಖಂಡಿತವಾಗಿ ಹೇಳುತ್ತೇನೆ: ಕೈಯಲ್ಲಿ ಹಿಡಿದು ಆಡುವ ಪ್ರಾಣಿ ಇದಲ್ಲ. ನಮ್ಮ ಕೈಯ ಬಿಸಿ, ಉಪ್ಪು, ಸೋಪಿನ ಅಂಶ ಅದರ ಚರ್ಮಕ್ಕೆ ಕೆಡುಕು. ಅದರ ಚರ್ಮದ ವಿಷ ನಮಗೂ ಒಳ್ಳೆಯದಲ್ಲ. ಆ ಕೆಂಪು ಹೊಟ್ಟೆ ಇರುವುದೇ ಎಚ್ಚರಿಕೆಗೆ. ಹೆದರಿದಾಗ ಮೈಯನ್ನು ಬಿಲ್ಲಿನಂತೆ ಬಾಗಿಸಿ ಕೆಂಪು ತೋರಿಸುತ್ತದೆ. ಟೆಟ್ರೋಡೋಟಾಕ್ಸಿನ್ ಎಂಬ ಈ ವಿಷ ಪಫರ್ ಮೀನಿನಲ್ಲಿಯೂ ಇದೆ. ಗಾಜಿನಾಚೆಯಿಂದ ನೋಡಿದರೆ ಏನೂ ಭಯವಿಲ್ಲ. ತೊಟ್ಟಿಯ ಕೆಲಸ ಮಾಡಿದ ಮೇಲೆ ಕೈ ತೊಳೆಯಬೇಕು, ಕಣ್ಣು ಉಜ್ಜಬಾರದು, ಅಂಬೆಗಾಲಿಡುವ ತಂಗಿ ತಮ್ಮಂದಿರ ಕೈಗೆ ತೊಟ್ಟಿ ಎಟಕಬಾರದು. ಅಮೆರಿಕದ ಪಶ್ಚಿಮ ಕರಾವಳಿಯ ಒರಟುಚರ್ಮದ ನ್ಯೂಟಿನಲ್ಲಿ ಈ ವಿಷ ಬಹಳ ಹೆಚ್ಚು. 1979ರಲ್ಲಿ ಆರೆಗಾನ್‌ನಲ್ಲಿ ಒಬ್ಬ ತರುಣ ಪಂಥ ಕಟ್ಟಿ ಅದನ್ನು ನುಂಗಿ ಸತ್ತೇಹೋದ.

ಹಾಗೆಂದು ಇದನ್ನು ಬರೀ ವಿಷದ ಗಂಟು ಎಂದುಕೊಳ್ಳಬೇಡಿ. ನ್ಯೂಟಿನ ಕಾಲು ತುಂಡಾದರೆ ಮೂಳೆ, ಬೆರಳು ಸಮೇತ ಮತ್ತೆ ಬೆಳೆಯುತ್ತದೆ. ಹಲ್ಲಿಯ ಬಾಲ ಮರಳಿ ಬಂದರೂ ಒಳಗೆ ಮೊದಲಿನ ಮೂಳೆ ಇರುವುದಿಲ್ಲ, ನ್ಯೂಟಿನದು ಪೂರ್ತಿ ದುರಸ್ತಿ. ಕಣ್ಣಿನೊಳಗಿನ ಮಸೂರ ಕೂಡ ಹೊಸದಾಗಿ ಹುಟ್ಟುತ್ತದೆ. ಜಪಾನಿನ ಬೆಂಕಿಹೊಟ್ಟೆಯ ಮೇಲೆ ಗೋರೋ ಎಗುಚಿ, ಪಾನಾಯೊಟಿಸ್ ಸೋನಿಸ್ ಮತ್ತು ಸಂಗಡಿಗರು 16 ವರ್ಷ ಪ್ರಯೋಗ ನಡೆಸಿ, ಅದೇ ಪ್ರಾಣಿಗಳ ಮಸೂರವನ್ನು 18 ಸಲ ತೆಗೆದರು. ಹದಿನೆಂಟನೆಯ ಸಲವೂ ಎಳೆಯ ಪ್ರಾಣಿಯದರಂತೆಯೇ ಹೊಸ ಮಸೂರ ಬಂತು. 2011ರಲ್ಲಿ ಇದು ಪ್ರಕಟವಾಯಿತು. ಪೊರೆಯ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡ ಅಜ್ಜ ಅಜ್ಜಿಯರಿಗೆ ಸ್ವಲ್ಪ ಹೊಟ್ಟೆಕಿಚ್ಚಾದರೂ ತಪ್ಪಿಲ್ಲ. 1994ರಲ್ಲಿ ಚಿಯಾಕಿ ಮುಕಾಯ್ ಎಂಬ ಜಪಾನಿ ಗಗನಯಾತ್ರಿಯ ಜೊತೆ ಕೊಲಂಬಿಯಾ ನೌಕೆಯಲ್ಲಿ ಈ ನ್ಯೂಟುಗಳು ಅಂತರಿಕ್ಷಕ್ಕೂ ಹೋಗಿ ಅಲ್ಲೇ ಮೊಟ್ಟೆಯಿಟ್ಟವು.

ಇನ್ನು ಪುಣ್ಯದ ಪ್ರಶ್ನೆ. ಅಮ್ಮ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಪಂಜರದ ಗಿಳಿಯನ್ನು ಹಾರಿಬಿಟ್ಟವರನ್ನು ನಾವು ಹೊಗಳುತ್ತೇವೆ. ಆದರೆ ಇದು ಆ ಹಳ್ಳದ್ದಲ್ಲ ಎಂದು ಆಗಲೇ ನೋಡಿದೆವು. 2010ರ ನಂತರ ನೆದರ್ಲೆಂಡ್ಸ್ ದೇಶದ ಒಂದು ಕಾಡಿನಲ್ಲಿ ಹಳದಿ ಮಚ್ಚೆಯ ಸಾಲಮಾಂಡರ್‌ಗಳು ಸಾಲುಸಾಲಾಗಿ ಸತ್ತವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ನಾಲ್ಕೂ ಉಳಿಯಲಿಲ್ಲ. ಕಾರಣ ಚರ್ಮ ತಿನ್ನುವ ಒಂದು ಶಿಲೀಂಧ್ರ. 2013ರಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರಿನ ಅರ್ಥವೇ 'ಸಾಲಮಾಂಡರ್ ಭಕ್ಷಕ'. ಅದರ ಮೂಲ ಏಷ್ಯಾ. ಬೆಂಕಿಹೊಟ್ಟೆಯಂಥ ಏಷ್ಯಾದ ನ್ಯೂಟುಗಳು ಅದನ್ನು ಮೈಮೇಲೆ ಹೊತ್ತೂ ಗಟ್ಟಿಯಾಗಿರಬಲ್ಲವು. ಸಾಕುವವರ ತೊಟ್ಟಿಗಳ ಮೂಲಕ ಅದು ಯುರೋಪಿಗೆ ಬಂದಿತೆಂದು ವಿಜ್ಞಾನಿಗಳ ತೀರ್ಮಾನ. ಅಮೆರಿಕದ ಕಾಡುಗಳಲ್ಲಿ ಇದುವರೆಗೆ ಕಂಡುಬಂದಿಲ್ಲ. ಬರದಿರಲೆಂದೇ 2016ರ ಜನವರಿಯಲ್ಲಿ ಆ ದೇಶ 201 ಜಾತಿಯ ಸಾಲಮಾಂಡರ್, ನ್ಯೂಟುಗಳ ಆಮದಿಗೆ ತಡೆ ಹಾಕಿತು, ಬೆಂಕಿಹೊಟ್ಟೆಯೂ ಆ ಪಟ್ಟಿಯಲ್ಲಿದೆ. ಪೆನ್ಸಿಲ್ವೇನಿಯಾ ಇರುವ ಅಪಲೇಷಿಯನ್ ಬೆಟ್ಟಸಾಲಿನಲ್ಲಿರುವಷ್ಟು ಬಗೆಯ ಸಾಲಮಾಂಡರ್‌ಗಳು ಜಗತ್ತಿನ ಇನ್ನೆಲ್ಲಿಯೂ ಇಲ್ಲ. ಅಲ್ಲಿಯ ಹಸಿರು ಬೆನ್ನಿನ ನ್ಯೂಟಿಗೆ ಈ ಶಿಲೀಂಧ್ರ ತಗುಲಿದರೆ ಸಾಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಒಂದನ್ನು ಬಿಡಿಸಿದ ಪುಣ್ಯಕ್ಕೆ ಸಾವಿರ ಕೊಂದ ಲೆಕ್ಕ ಬರಬಹುದು. ಮೊಮ್ಮಗ ಅತ್ತದ್ದು ಸರಿಯಾಗಿಯೇ ಇದೆ, ನಿಮ್ಮ ಮಗನಿಗೆ ಹೇಳಿ. ತೊಟ್ಟಿಯಿಂದ ತೆಗೆದ ನೀರನ್ನೂ ಹಳ್ಳದ ಕಡೆ ಚೆಲ್ಲಬಾರದು, ಮನೆಯೊಳಗಿನ ಬಚ್ಚಲಿಗೇ ಹೋಗಲಿ.

ಹಾಗಾದರೆ ಆರು ವಾರ ಏನು ಮಾಡುವುದು? ಗಟ್ಟಿಮುಟ್ಟಾದ ನ್ಯೂಟ್ ಒಂದು ವಾರ ಉಪವಾಸ ಇದ್ದರೂ ಏನೂ ಆಗದು, ಆರು ವಾರ ಆಗದ ಮಾತು. ಇದಂತೂ ಈಗಷ್ಟೇ ಕಾಯಿಲೆಯಿಂದ ಏಳುತ್ತಿದೆ. ಹುಡುಗನ ಸಹಪಾಠಿಯ ಮನೆಯವರೋ, ಶಾಲೆಯ ವಿಜ್ಞಾನದ ಶಿಕ್ಷಕರೋ ಒಪ್ಪಿಕೊಂಡರೆ ತೊಟ್ಟಿ ಅಲ್ಲಿಗೆ ಹೋಗಲಿ. ಹೊರಡಲು ಇನ್ನೂ ಸಮಯವಿದೆ, ಎರಡು ವಾರ ಮೊದಲೇ ಒಯ್ದುಬಿಟ್ಟರೆ ಏನಾದರೂ ಎಡವಟ್ಟಾದರೂ ಸರಿಪಡಿಸಲು ಹುಡುಗ ಊರಲ್ಲೇ ಇರುತ್ತಾನೆ. ಒಯ್ಯುವಾಗ ಸ್ಪಂಜನ್ನು ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತರಬೇಕು. ತೊಟ್ಟಿಯ ಮೇಲೆ ಒಂದು ಚೀಟಿ ಅಂಟಿಸಲಿ: ಊಟ ಬುಧವಾರ ಮತ್ತು ಭಾನುವಾರ, ನೀರು 20 ಡಿಗ್ರಿ ದಾಟಿದರೆ ಫ್ಯಾನು, ಹೀಟರ್ ಬೇಡ, ಹತ್ತಿರದಲ್ಲಿ ಉಭಯವಾಸಿಗಳನ್ನು ನೋಡುವ ಪಶುವೈದ್ಯರ ನಂಬರು. ಮುಚ್ಚಳದ ಮೂಲೆ ಚೂರು ತೆರೆದಿದ್ದರೂ ಸಾಕು, ಈ ಪ್ರಾಣಿ ಗಾಜು ಹತ್ತಿ ಹೊರಬಿದ್ದು, ಮಂಚದಡಿಯ ಧೂಳಿನಲ್ಲಿ ಒಣಗಿಹೋಗುತ್ತದೆ. ಮುಚ್ಚಳದ ಮೇಲೆ ಎರಡು ಪುಸ್ತಕ ಹೇರಿಡಲಿ.

ಹತ್ತು ವರ್ಷಕ್ಕೂ ಹೆಚ್ಚು ಬದುಕುವ ಪ್ರಾಣಿ ಇದು. ಐದನೇ ತರಗತಿಯ ಹುಡುಗ ಕಾಲೇಜಿಗೆ ಹೋಗುವ ದಿನವೂ ತೊಟ್ಟಿಯಲ್ಲಿರಬಹುದು. ಆಗ ಅದನ್ನು ಯಾರು ನೋಡಿಕೊಳ್ಳುತ್ತಾರೆಂದು ಅಪ್ಪ, ಅಮ್ಮ, ಮಗ ಮೂವರೂ ಕೂತು ಮಾತಾಡಿಕೊಳ್ಳಲಿ.

ಈ ಅಂಕಣ ಅಚ್ಚಿಗೆ ಹೋಗುವ ಮುನ್ನ ಅಜ್ಜಿಯ ಫೋನ್ ಬಂತು. ನೀರು 19 ಡಿಗ್ರಿಗೆ ಇಳಿದಿದೆ. ಐದನೇ ದಿನ ಪೊರೆ ಕಳಚಿ, ತನ್ನ ಪೊರೆಯನ್ನೇ ತಾನು ತಿಂದಿತಂತೆ. ಹುಡುಗ ಗಾಬರಿಯಾಗಿ ರಾತ್ರಿ ಎರಡು ಗಂಟೆಗೆ ಸಾಗರಕ್ಕೆ ಕರೆ ಮಾಡಿದ್ದಾನೆ. ಗಾಬರಿ ಬೇಡ, ಕಪ್ಪೆಗಳೂ ಹಾಗೆಯೇ ಮಾಡುತ್ತವೆ. ಆರನೇ ದಿನ ಅರ್ಧ ಎರೆಹುಳು ನುಂಗಿದೆ.